ರೊಟ್ಟಿಯಗಲದ ಒದ್ದೆ

೧೯೬೯ರ ಮಳೆಗಾಲದಲ್ಲಿ ಮನುಕುಲಕ್ಕೆ ಸಂಬಂಧಪಟ್ಟ ಒಂದು ಗಂಭೀರ ಸಂಗತಿ ಮುಂಬಯಿಯ ಆಂಟಾಪ್ ಹಿಲ್‌ನ ಆಚೆ, ಉಪ್ಪಿನ ಗದ್ದೆಗಳ ಅಂಚಿನಲ್ಲಿ ನಡೆಯಿತು. ಮಲ್ಲಕ್ಕನ ಖೋಲಿಯ ನೆಲದಲ್ಲಿ, ಒಲೆಯಿಂದ ಮೂರು ಗೇಣು ದೂರಕ್ಕೆ, ಜೋಳದ ರೊಟ್ಟಿಯಗಲದ ಒಂದು ಒದ್ದೆ ಕಾಣಿಸಿಕೊಂಡಿತು. ಅದಕ್ಕೆ ಮೂರು ವಾರ ಮೊದಲು ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಿದ್ದ. ಪತ್ರಿಕೆಯವರೆಲ್ಲ ಆ ಗಡಿಬಿಡಿಯಲ್ಲಿದ್ದುದರಿಂದ ಈ ಸುದ್ದಿಗೆ ಎಲ್ಲಿಯೂ ಜಾಗ ಸಿಗಲಿಲ್ಲ.

ಖೋಲಿಗೆ ನಾಲ್ಕು ಗೋಡೆ, ತಗಡಿನ ಮಾಡು, ಒಂದು ಬಾಗಿಲು, ಬಾಗಿಲಿಗೆ ಒಳಗಿನಿಂದ ಹಾಕುವ ಚಿಲಕ ಇದ್ದವು. ಚಿಲಕ ಎಷ್ಟು ದೊಡ್ಡ ವಸ್ತು ಎಂಬುದು ಹುಟ್ಟಿದಾಗಿನಿಂದ ಅದನ್ನು ಕಂಡವರಿಗೆ ತಿಳಿಯುವುದಿಲ್ಲ. ಸಿಂದಗಿ ಕಡೆಯಿಂದ ಬಂದ ಮೇಲೆ ಹನ್ನೊಂದು ವರ್ಷ ಮಲ್ಲಕ್ಕ ನಾಲ್ಕು ಬಿದಿರಿಗೆ ಗೋಣಿ ಸುತ್ತಿದ ಮರೆಯಲ್ಲಿ ಸ್ನಾನ ಮಾಡಿದವಳು. ಯಾರಾದರೂ ಕೆಮ್ಮುತ್ತ ಹತ್ತಿರ ಬಂದರೆ ತಾನೂ ಒಳಗಿನಿಂದ ಕೆಮ್ಮಬೇಕಿತ್ತು. ಖೋಲಿಗೆ ಬಂದ ಮೊದಲ ದಿನ ಚಿಲಕ ಹಾಕಿಕೊಂಡು, ಕೆಮ್ಮದೆ, ಒಂದು ತಾಸು ಸ್ನಾನ ಮಾಡಿದ್ದಳು. ನೆಲಕ್ಕೆ ಶಹಾಬಾದಿ ಫರಸಿ ಹಾಸಿತ್ತು. ಊರ ಕಡೆಯ ಕಲ್ಲು ಎಂಬ ಅಭಿಮಾನಕ್ಕೆ ಅದನ್ನು ದಿನಕ್ಕೆರಡು ಸಲ ಒರೆಸುತ್ತಿದ್ದಳು.

ಎರಡು ವರ್ಷದ ಹಿಂದೆ ಆ ಜಾಗ ಖಾಡಿಯಾಗಿತ್ತು. ಸಮುದ್ರದ ನೀರು ದಿನಕ್ಕೆರಡು ಬಾರಿ ಬಂದು ಹೋಗುವ ಕರಿ ಕೆಸರು. ಕೆಸರಿನ ತುಂಬ ಉಪ್ಪುನೀರಿನಲ್ಲೇ ಬೆಳೆಯುವ ತಿವರಿನ ಗಿಡ. ಪ್ರತಿ ಗಿಡದ ಸುತ್ತ ಉಸಿರಿಗಾಗಿ ಮೇಲೆ ಚಾಚಿದ ಬೇರು, ಹೂತವರ ಬೆರಳಿನ ಹಾಗೆ, ಸಾವಿರಗಟ್ಟಲೆ. ಜಾಗ ಹಿಡಿದ ಶೇಟ್ ಅದನ್ನು 'ಖಾಲಿ ಜಮೀನು' ಎನ್ನುತ್ತಿದ್ದ. ಖಾಲಿ ಜಮೀನಿನಲ್ಲಿ ಏಡಿ, ಸೀಗಡಿ, ಬೆಳ್ಳಕ್ಕಿ, ಮೊಣಕೈಯೂರಿಕೊಂಡು ಕೆಸರಿನ ಮೇಲೆ ನಡೆಯುವ ನಿವಟಿ ಎಂಬ ಮೀನು ಎಲ್ಲ ಇದ್ದವು. ಆದರೆ ಯಾವುದರ ಹೆಸರಿನಲ್ಲೂ ಕಾಗದವಿರಲಿಲ್ಲ.

ಮಲ್ಲಕ್ಕನ ಗಂಡ ಅಣವೀರಪ್ಪ ಶೇಟ್‌ನ ಮುಕಾದಮ, ನಲವತ್ತು ಕೂಲಿಗಳ ಮೇಲಿನವನು. ಗಿಡ ಕಡಿಸಿದವನು ಅವನೇ. ಒಡೆದ ಕಟ್ಟಡಗಳ ಇಟ್ಟಿಗೆಚೂರಿನ ರಾಬಿಟ್, ಗುಡ್ಡದ ಮಣ್ಣು ಎಲ್ಲವನ್ನೂ ಊರ ಕಡೆಯ ಡ್ರೈವರ್ ಮೌಲಾಲಿಯ ಲಾರಿ ತಂದು ಸುರಿಯಿತು. ಲಾರಿ ಹೋಗಲಾರದ ಕಡೆ ಹೆಂಗಸರು ಬುಟ್ಟಿಯಲ್ಲಿ ಹೊತ್ತರು. ಮಲ್ಲಕ್ಕನಿಗೆ ತನ್ನ ಮೊದಲ ಬುಟ್ಟಿ ನೆನಪಿತ್ತು. ಕೆಸರಿನ ಮೇಲೆ ಪುಟ್ಟ ಏಡಿಗಳು ಸಾಲಾಗಿ ನಿಂತು, ಹಾಜರಿ ಹೇಳುವವರಂತೆ ಒಂದೊಂದು ಕೈ ಎತ್ತಿದ್ದವು. ಅವಳು ಬುಟ್ಟಿ ಸುರಿದಳು. ಕೈಗಳು ಮತ್ತೆ ಕಾಣಲಿಲ್ಲ.

ಎಲ್ಲಕ್ಕಿಂತ ದೊಡ್ಡ ತಿವರು ಈಗ ಒಲೆಯಿದ್ದ ಕಡೆ ಇತ್ತು. ಅದರ ಕಟ್ಟಿಗೆ ಮಲ್ಲಕ್ಕನ ಒಲೆಯಲ್ಲಿ ಆರು ತಿಂಗಳು ಉರಿಯಿತು. ಚೆನ್ನಾಗಿಯೇ ಉರಿಯಿತು.

ಹೀಗೆ ಮಣ್ಣು ತುಂಬಿ ಮಾಡಿದ ಭರಣಿಯ ಮೇಲೆ ಶೇಟ್ ಮೊದಲು ಹತ್ತು ಖೋಲಿ ಕಟ್ಟಿಸಿದ. ಒಂದನೆಯದನ್ನು ಅಣವೀರಪ್ಪನಿಗೆ ಕೊಟ್ಟು, ಒಂದು ಮಾತನ್ನೂ ಹೇಳಿದ್ದ: ಗುಮಾಸ್ತರ ಹೌಸಿಂಗ್ ಸೊಸೈಟಿಯವರು ಜಾಗ ನೋಡಲು ಬರುತ್ತಾರೆ, ಈ ಖೋಲಿಯೇ ಸ್ಯಾಂಪಲ್. ಅವರು ಒಪ್ಪಿದರೆ ಖೋಲಿ ಕಾಯಂ ಅಣವೀರಪ್ಪನದು. ಒಪ್ಪದಿದ್ದರೆ ಶೇಟ್ ಏನು ಮಾಡುತ್ತಾನೆಂದು ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ.

ಒದ್ದೆ ಮೊದಲು ಕಂಡದ್ದು ನಾಗರ ಅಮಾವಾಸ್ಯೆಯ ದಿನ, ಬಂದರಿನ ಸೈರನ್ನು, ಅಲ್ಲಿಯವರ ಭೋಂಗಾ, ಹನ್ನೆರಡು ಕೂಗಿದಾಗ. ಮಲ್ಲಕ್ಕ ಒರೆಸಿದಳು. ಮತ್ತೆ ಬಂತು. ಎರಡು ತಾಸಿನ ನಂತರ ತಾನೇ ಆರಿ, ಅಂಚಿಗೆ ಬಿಳಿಯ ಗೆರೆಯೊಂದನ್ನು ಬಿಟ್ಟು ಹೋಯಿತು. ಮರುದಿನ ಭೋಂಗಾ ಕೂಗಿ ಮುಕ್ಕಾಲು ತಾಸಿಗೆ ಬಂತು. ಅದರ ಮರುದಿನ ಇನ್ನೂ ಮುಕ್ಕಾಲು ತಾಸು ತಡವಾಗಿ. ನಾಲ್ಕನೆಯ ದಿನ ಅವಳು ಕೆಲಸ ಬಿಟ್ಟು, ನೆಂಟರ ದಾರಿ ಕಾಯುವಂತೆ, ಅದರ ಮುಂದೆಯೇ ಕೂತಳು. ಹೊತ್ತಿಗೆ ಸರಿಯಾಗಿ ಕಲ್ಲು ಕಪ್ಪಾಯಿತು. ಕಲ್ಲಿನ ಕೆಳಗೆ ಯಾರೋ ಉಗುರಿನಿಂದ ತಟ್ಟಿದಂತೆ ಟಕ್ ಎಂದಿತು. ಸ್ವಲ್ಪ ಬಿಟ್ಟು, ಒಂದು ಮೊಳ ಆಚೆ, ಇನ್ನೊಂದು ಟಕ್.

"ನೆಲ ಬೆವರಾಕತ್ತೈತ್ರಿ" ಎಂದಳು ಗಂಡನಿಗೆ.

"ಮಳಿಗಾಲದಾಗ ನೀನೂ ಬೆವರತಿ. ಹಂಗಂತ ನಿನ್ನ ಕಿತ್ತ ಹಾಕೂಣೇನು?"

"ಇದು ಹೊತ್ತ ನೋಡಿ ಬೆವರತೈತಿ. ದಿನಾ ಮುಕ್ಕಾಲ ತಾಸ ತಡಾ ಮಾಡಿ ಬರತೈತಿ, ಆದ್ರ ತಪ್ಪಂಗಿಲ್ಲ."

"ಹಂಗಾರ ನಮ್ಮ ಗೌಂಡಿ ಮಂದಿಕಿಂತ ಬೇಸಿ ಐತಿ ಬಿಡು."

ಪಂಚಮಿ ಬಂತು. ಊರಲ್ಲಾದರೆ ಹುತ್ತಕ್ಕೆ ಹಾಲೆರೆಯಬೇಕು. ಆಂಟಾಪ್ ಹಿಲ್‌ನಲ್ಲಿ ಹುತ್ತವೆಲ್ಲಿ? ಮಲ್ಲಕ್ಕ ಮುಂಜಾನೆ ಫರಸಿಯ ಸಂದಿಗೇ ಕೈಮುಗಿದು ಒಂದು ಬಟ್ಟಲು ಹಾಲೆರೆದಳು. ಕೆಳಗಿರುವವನು ನಾಗಪ್ಪನಾಗಿದ್ದರೆ ಸಮಾಧಾನವಾಗಲಿ, ಬೇರೆ ಯಾರಾದರೂ ಆಗಿದ್ದರೆ ಹಾಲಿಗೆ ಬೇಡವೆನ್ನುವವರು ಯಾರು ಎಂಬುದು ಅವಳ ಲೆಕ್ಕ. ಹಾಲು ಗುಟುಕರಿಸಿದಂತೆ ಸದ್ದು ಮಾಡಿ ಇಳಿಯಿತು. ಮಧ್ಯಾಹ್ನ ನಾಲ್ಕಕ್ಕೆ ಒದ್ದೆಯ ಜೊತೆ ಸಂದಿಯಿಂದ ಬೆಳ್ಳಗೆ ನೊರೆ ಎದ್ದಿತು. ಮಲ್ಲಕ್ಕ ಬೆರಳಿನಲ್ಲಿ ಮುಟ್ಟಿ ನಾಲಗೆಗೆ ಹಚ್ಚಿಕೊಂಡಳು. ಉಪ್ಪು. ಅವಳು ಎದ್ದು ಚಿಲಕ ಸರಿಸಿ ಬಾಗಿಲು ತೆರೆದಿಟ್ಟಳು. ಅದನ್ನು ಹಾಕಿಕೊಂಡು ಒಳಗಿರುವುದು ಅಂದು ಮೊದಲ ಬಾರಿಗೆ ಅವಳಿಗೆ ಬೇಡವೆನಿಸಿತು.

ಎರಡು ದಿನ ಬಿಟ್ಟು ಅದೇ ಸಂದಿಯಿಂದ ಬೆರಳೊಂದು ಎದ್ದಿತು. ಬೆರಳೆಂದರೆ ಕಂದು ಬಣ್ಣದ, ಚೂಪು ತುದಿಯ, ಎರಡಂಗುಲದ ಬೇರು. ಅಣವೀರಪ್ಪ ಈಳಿಗೆ ತಂದು ಕತ್ತರಿಸಿದ. ಒಳಗೆ ಬಿಳಿ ಬೆಂಡಿನ ಹಾಗೆ, ಹಸಿಯಾಗಿತ್ತು. ಚಹಾಕ್ಕೆಂದು ಬಂದ ಮೌಲಾಲಿ ಆ ತುಂಡನ್ನು ಮೂಸಿ ನೋಡಿದ.

"ವೈನಿ, ಇದು ಗಿಡದ ಮೂಗು. ಉಸರಾಡಾಕ ಮ್ಯಾಲ ಬಂದೈತಿ."

"ಕಡದ ಗಿಡಕ್ಕ ಯಾತರ ಉಸರೋ?" ಎಂದ ಅಣವೀರಪ್ಪ.

"ನೀ ಕಡದಿದ್ದು ಮ್ಯಾಲಿಂದು, ಮುಕಾದಮ್ ಸಾಬ್. ಕೆಳಗಿಂದು ಅಲ್ಲೇ ಐತಿ. ನಾನಽ ಅದರ ಮ್ಯಾಲ ಮಣ್ಣ ಸುರದೇನಿ." ಮೌಲಾಲಿ ನಕ್ಕ. ಆದರೆ ಅಂದು ಚಹಾವನ್ನು ಹೊಸ್ತಿಲ ಹೊರಗೆ ನಿಂತು ಕುಡಿದ.

ಅಷ್ಟಮಿಯ ದಿನ ಅಣವೀರಪ್ಪ ಎಲ್ಲ ಸಂದಿಗಳಿಗೂ ಸಿಮೆಂಟು ಮೆತ್ತಿದ. ಅಂದು ಒದ್ದೆ ಬರಲಿಲ್ಲ. ನವಮಿಗೂ ಇಲ್ಲ. ತಟ್ಟುವ ಸದ್ದೂ ನಿಂತಿತು. ಮಾಡಿನ ಮೇಲೆ ಕೂರುತ್ತಿದ್ದ ಒಂಬತ್ತು ಬೆಳ್ಳಕ್ಕಿಗಳೂ ಹೋದವು. ಅವು ಅಮಾವಾಸ್ಯೆಯಿಂದ ದಿನವೂ ಒದ್ದೆಯ ಹೊತ್ತಿಗೆ ಬಂದು, ತಗಡಿನ ಮೇಲೆ ಸಾಲಾಗಿ ನಿಂತು, ತಲೆ ಬಗ್ಗಿಸಿ ತಮ್ಮ ಕಾಲ ಕೆಳಗೇ ನೋಡುತ್ತಿದ್ದವು. ಅಣವೀರಪ್ಪನ ಎದೆಯುಬ್ಬಿತು. ಅವನು ನೇರ ಶೇಟ್‌ನ ಬಳಿ ಹೋಗಿ, ಸೊಸೈಟಿಯವರನ್ನು ಕರೆದುಕೊಂಡು ಬರಬಹುದು ಎಂದ. ಯಾವತ್ತು ಎಂದು ಶೇಟ್ ಕೇಳಿದ. ಅಣವೀರಪ್ಪ ಪಂಚಾಂಗ ತಿಳಿದವನ ಗತ್ತಿನಲ್ಲಿ ಹುಣ್ಣಿಮೆ ಎಂದ, ಹನ್ನೆರಡು ಗಂಟೆ ಎಂದ. ಅವನ ಊರಿನಲ್ಲಿ ಯಾವ ಒಳ್ಳೆಯ ಕೆಲಸಕ್ಕೂ ಹುಣ್ಣಿಮೆ ಬಂದರೆ ಮುಹೂರ್ತ ಕೇಳುವುದಿಲ್ಲ. ನೆತ್ತಿಯ ಬಿಸಿಲಿಗೆ ನೆಲವೂ ಬೆಚ್ಚಗಿರುತ್ತದೆ.

ಏಕಾದಶಿಯ ಬೆಳಿಗ್ಗೆ ಕಲ್ಲಿನ ಕೆಳಗೆ ಮತ್ತೆ ಟಕ್ ಎಂದಿತು.

ಮಲ್ಲಕ್ಕ ಮೀನು ಮಾರುವ ಹಿರೂಬಾಯಿಯನ್ನು ತಡೆದು ನಿಲ್ಲಿಸಿದಳು. ಹಿರೂಬಾಯಿ ಖಾಡಿಯ ಆಚೆ ದಂಡೆಯ ಮೀನುಗಾರರ ಕೇರಿ ಕೋಳಿವಾಡೆಯ ಮುದುಕಿ. ಮೀನು ಕೊಳ್ಳದ ಲಿಂಗಾಯತರ ಹೆಂಗಸು ತನ್ನನ್ನೇಕೆ ಕರೆದಳೆಂದು ಅವಳಿಗೆ ಆಶ್ಚರ್ಯ. ಮಲ್ಲಕ್ಕ ತನ್ನ ಅರೆಬರೆ ಮರಾಠಿಯಲ್ಲಿ ಒದ್ದೆಯ ಕತೆ ಹೇಳಿದಳು. ಹಿರೂಬಾಯಿ ಕೊನೆಯವರೆಗೆ ಕೇಳಲಿಲ್ಲ.

"ತಿಥಿ ಹೇಳು ಬಾಯಿ, ನೀರು ಯಾವಾಗ ಬರುತ್ತೆ ನಾನು ಹೇಳ್ತೀನಿ" ಎಂದು ಬೆರಳ ಗೆಣ್ಣುಗಳ ಮೇಲೆ ಹೆಬ್ಬೆಟ್ಟು ಓಡಿಸಿದಳು. "ಒಂದು ತಿಥಿಗೆ ಮುಕ್ಕಾಲು ತಾಸು. ಪಂಚಮಿಗೆ ನಾಲ್ಕು ಗಂಟೆ, ಹೌದೋ ಅಲ್ವೋ? ಅಷ್ಟಮಿಗೆ ನೀರು ಸತ್ತಿರುತ್ತೆ, ಮೇಲೆ ಬರಲ್ಲ."

ಮಲ್ಲಕ್ಕ ಇನ್ನೂ ಹತ್ತಿರ ಬಂದಳು. "ಹುಣ್ಣಿಮಿಗೆ?"

"ಹುಣ್ಣಿಮೆಗೆ ನಡುಮಧ್ಯಾಹ್ನ, ಹನ್ನೆರಡಕ್ಕೆ. ತುಂಬು ನೀರು. ನಾವು ಅವತ್ತು ಸಮುದ್ರಕ್ಕೆ ತೆಂಗಿನಕಾಯಿ ಕೊಡ್ತೀವಿ, ಶಾಂತವಾಗಲಿ ಅಂತ."

"ಅಲ್ಲಿ ಈಗ ನನ್ನ ಖೋಲಿ ಐತೆಲ್ಲ?"

"ಹೌದು. ನೀರಿಗೆ ಹೇಳಿದೀಯಾ?" ಎಂದಳು ಹಿರೂಬಾಯಿ. ಅದರಲ್ಲಿ ಕುಹಕವಿರಲಿಲ್ಲ, ನೆರೆಮನೆಯವರಿಗೆ ಹೇಳಿದೆಯಾ ಎಂದು ಕೇಳುವಂತೆ ಕೇಳಿದಳು.

ಅಂದು ಮಧ್ಯಾಹ್ನ ಗಂಡ ಊಟಕ್ಕೆ ಬಂದಾಗ ಮಲ್ಲಕ್ಕ ಹಿರೂಬಾಯಿಯ ತಿಥಿಯ ಲೆಕ್ಕ ಹೇಳಿ, ಬಡಿಸದೆ ಕೂತಳು.

"ದಿನಾ ಬದಲ ಮಾಡ್ರಿ. ಅಷ್ಟಮಿಗೆ ಇಡ್ರಿ."

"ಅಷ್ಟಮಿ ದಿನಾ ಯಾರರ ಚಲೋ ಕೆಲಸಾ ಮಾಡ್ತಾರೇನ? ನಮ್ಮೂರಾಗ ಹುಣ್ಣಿಮಿ ಅಂದ್ರ—"

"ನಮ್ಮೂರಾಗ ಸಮುದ್ರ ಇಲ್ರಿ."

ವಾದ ಸೋಲುವಂತಾದಾಗ ಅಣವೀರಪ್ಪ ಶೇಟ್‌ನ ಹೆಸರು ತೆಗೆಯುತ್ತಿದ್ದ. "ಚಂದ್ರಾಮ ಅಡ್ಡ ಬಂದಾನ, ಒಂದ ವಾರ ತಡೀರಿ ಅಂತ ಶೇಟ್‌ಗ ಹೇಳ್ಲೇನು? ಆ ಚಂದ್ರನ ಮ್ಯಾಲ ಈಗ ಮಂದಿ ಬೂಟ್ ಹಾಕ್ಕೊಂಡ ಅಡ್ಡಾಡಾಕತ್ತಾರ."

ಅದೂ ನಿಜವೇ. ಚಂದ್ರ ಅದಕ್ಕೆ ಪ್ರತಿಯಾಗಿ ಎಲ್ಲಿ ಕಾಲಿಡಲು ಹೊರಟಿದ್ದಾನೆಂಬುದು ಆ ಖೋಲಿಯಲ್ಲಿ ಮಲ್ಲಕ್ಕನೊಬ್ಬಳಿಗೇ ಖಾತ್ರಿಯಿತ್ತು.

ಹುಣ್ಣಿಮೆಯ ಬೆಳಿಗ್ಗೆ ಮಳೆಯಿರಲಿಲ್ಲ. ಒಲೆಯ ಬಳಿಯ ಫರಸಿ, ಮೆತ್ತಿದ ಸಿಮೆಂಟಿನ ಸಮೇತ, ಒಂದು ಬೆರಳಿನಷ್ಟು ಮೇಲೆದ್ದಿತ್ತು. ಸಂದಿಯಲ್ಲಿ ಐದು ಬೇರು, ಒಂದು ಕೈಗೆ ಬೇಕಾದಷ್ಟು, ಸಾಲಾಗಿ ಎದ್ದಿದ್ದವು. ಮಲ್ಲಕ್ಕ ಅವನ್ನು ಕತ್ತರಿಸಲಿಲ್ಲ. ಅವುಗಳ ಮುಂದೆ ಅರಿಶಿನ ಹಚ್ಚಿದ ಒಂದು ತೆಂಗಿನಕಾಯಿ ಇಟ್ಟು, "ಇವತ್ತೊಂದ ದಿನಾ ಬ್ಯಾಡೋ ಎಪ್ಪಾ" ಎಂದಳು. ಮೇಲೆ ಮಂಚ ಎಳೆದು, ಮಂಚದಿಂದ ನೆಲದವರೆಗೆ ಇಳಿಬೀಳುವಂತೆ ತಾನು ಹೊಲಿದ ಕೌದಿ ಹಾಸಿದಳು. ಖೋಲಿ ಚೆಂದ ಕಂಡಿತು.

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಶೇಟ್ ಸೊಸೈಟಿಯ ಮೂವರೊಂದಿಗೆ ಬಂದ. ಮಾಡಿನ ಮೇಲೆ ಬೆಳ್ಳಕ್ಕಿಗಳು ಆಗಲೇ ಬಂದು ನಿಂತಿದ್ದವು. ನಾಲ್ವರೂ ಬೂಟು ಕಳಚಿ ಬಾಗಿಲ ಒಳಗೆ ಸಾಲಾಗಿ ಇಟ್ಟು ಮಂಚದ ಮೇಲೆ ಕೂತರು. ಶೇಟ್ ಗೋಡೆ ತಟ್ಟಿ ತೋರಿಸಿದ, ಚಿಲಕ ಹಾಕಿ ತೆಗೆದು ತೋರಿಸಿದ. "ಫರಸಿ ದೇಖೋ ಸಾಹೇಬ್, ಏಕ್‌ದಮ್ ಸೂಖಾ!" ಎಂದು ಒಣ ನೆಲದ ಮೇಲೆ ಕಾಲಾಡಿಸಿದ. ಅಣವೀರಪ್ಪ ಕೈಕಟ್ಟಿ ನಿಂತಿದ್ದ. ಮಲ್ಲಕ್ಕ ಮೂಲೆಯಲ್ಲಿ ಸೆರಗು ಕಚ್ಚಿಕೊಂಡು ಕೌದಿಯ ಅಂಚನ್ನೇ ನೋಡುತ್ತಿದ್ದಳು.

ಭೋಂಗಾ ಕೂಗಿತು.

ಕೌದಿಯ ಅಂಚು ಕಪ್ಪಾಯಿತು. ಕಪ್ಪು ಮೆಲ್ಲಗೆ ಮೇಲೇರಿತು. ಕೆಂಪು ತುಂಡು, ಹಳದಿ ತುಂಡು, ಒಂದೊಂದನ್ನೂ ದಾಟಿಕೊಂಡು. ಮಂಚದ ಕೆಳಗೆ ಟಕ್, ಟಕ್, ಟಕ್ ಎಂದು ಖೋಲಿಯ ಉದ್ದಗಲಕ್ಕೂ ಸದ್ದು ಹರಡಿತು. ಮೂವರಲ್ಲಿ ಒಬ್ಬನಾದ ಸೊಸೈಟಿಯ ಸೆಕ್ರೆಟರಿ ಬಗ್ಗಿ ಕೆಳಗೆ ನೋಡಿದ. ನೀರು ಸದ್ದಿಲ್ಲದೆ, ಅವಸರವಿಲ್ಲದೆ, ತನ್ನ ಮನೆಗೆ ತಾನು ಬಂದವರ ಹಾಗೆ ನೆಲದ ತುಂಬ ಹರಡಿತು. ಅವರ ಪಾದ ಮುಳುಗಿತು. ಬಾಗಿಲ ಬಳಿ ನಾಲ್ಕು ಜೊತೆ ಬೂಟುಗಳು ಮೆಲ್ಲಗೆ ಎದ್ದು, ಒಂದರ ಹಿಂದೊಂದು ತಿರುಗಿ, ಒಳಮುಖವಾಗಿ ನಿಂತವು.

ಆಮೇಲೆ ಕೌದಿಯನ್ನು ಸರಿಸಿಕೊಂಡು ತೆಂಗಿನಕಾಯಿ ಹೊರಗೆ ಬಂತು. ಅದರ ಮೇಲೆ ಗೇಣುದ್ದದ ನಿವಟಿಯೊಂದು ಮೊಣಕೈಯೂರಿ ಕೂತಿತ್ತು. ತೆಂಗಿನಕಾಯಿ ಶೇಟ್‌ನ ಕಾಲ ಬಳಿ ಬಂದು ನಿಂತಿತು. ನಿವಟಿ ತಲೆಯ ಮೇಲಿದ್ದ ಎರಡು ಕಣ್ಣುಗಳಿಂದ ನಾಲ್ವರನ್ನೂ ಒಬ್ಬೊಬ್ಬರಾಗಿ ನೋಡಿತು, ಆಮೇಲೆ ಅಣವೀರಪ್ಪನನ್ನು. ಕೊನೆಗೆ ಮಲ್ಲಕ್ಕನನ್ನು ನೋಡಿ, ಕಣ್ಣನ್ನು ಅಲ್ಲಿಯೇ ನಿಲ್ಲಿಸಿತು. ತಗಡಿನ ಮೇಲೆ ಬೆಳ್ಳಕ್ಕಿಗಳ ಕಾಲು ಸರಿದಾಡುವ ಸದ್ದು ಕೇಳುತ್ತಿತ್ತು.

ಮೊದಲು ಬಾಯಿ ಬಿಟ್ಟವನು ಸೆಕ್ರೆಟರಿ. ಎರಡೂ ಕಾಲನ್ನು ಮಂಚದ ಮೇಲೆ ಎತ್ತಿಕೊಂಡು, "ಭರಣಿ ಎಷ್ಟು ಅಡಿ ಹಾಕಿದೀರಿ?" ಎಂದು ಕೇಳಿದ.

"ನಾಲ್ಕು" ಎಂದ ಶೇಟ್.

"ಎಂಟು ಮಾಡಿ."

ಶೇಟ್ ಆಗಲಿ ಎಂದ.

ದಸರೆಯ ಹೊತ್ತಿಗೆ, ಎಂಟು ಅಡಿಯ ಭರಣಿಗೆಂದು, ಹತ್ತೂ ಖೋಲಿಗಳನ್ನು ಒಡೆದರು. ಚಿಲಕಗಳನ್ನು ಮೊದಲೇ ಬಿಚ್ಚಿ ಒಯ್ದಿದ್ದರು. ಮೌಲಾಲಿಯ ಲಾರಿ ಗುಡ್ಡದ ಮಣ್ಣು ತಂದಿತು. ಲಾರಿ ಹೋಗಲಾರದ ಕಡೆ ಹೆಂಗಸರು ಬುಟ್ಟಿಯಲ್ಲಿ ಹೊತ್ತರು. ಮಲ್ಲಕ್ಕ ತನ್ನ ಒಲೆಯಿದ್ದ ಜಾಗಕ್ಕೆ ಬಂದಾಗ, ಕಿತ್ತ ಫರಸಿಯ ಕೆಳಗಿನ ಕರಿ ಕೆಸರಿನಲ್ಲಿ ಪುಟ್ಟ ಏಡಿಗಳು ಸಾಲಾಗಿ ನಿಂತು ಒಂದೊಂದು ಕೈ ಎತ್ತಿದ್ದವು. ಅವಳು ಒಮ್ಮೆ ಕೆಮ್ಮಿದಳು. ಅವು ಕೈ ಇಳಿಸಲಿಲ್ಲ. ಅವಳು ಬುಟ್ಟಿ ಸುರಿದಳು.

ಸೊಸೈಟಿಯ ಕಟ್ಟಡ ಮೂರು ವರ್ಷದಲ್ಲಿ ಎದ್ದಿತು. ಅಣವೀರಪ್ಪ ಮತ್ತು ಮಲ್ಲಕ್ಕ ವಿಕ್ರೋಳಿಯ ಕಡೆ ಇನ್ನೊಂದು ಭರಣಿ ಕೆಲಸಕ್ಕೆ ಹೋದರು. ಅವರಿಗೆ ಖೋಲಿ ಸಿಗಲಿಲ್ಲ.