ಇಲ್ಶುವಿನ ಪಾಲಿನ ನೀರು

ನಾನು ಒಂದು ಮಣ್ಣಿನ ಬಟ್ಟಲು. ಹುಟ್ಟಿದ್ದು ಯೂಫ್ರೆಟಿಸ್ ನದಿಯ ದಡದಲ್ಲಿ, ಉರ್ ನಗರದ ಹೊರಗಿದ್ದ ಕುಂಬಾರರ ಕೇರಿಯಲ್ಲಿ. ನಾಲ್ಕು ಸಾವಿರ ವರ್ಷಗಳ ಹಿಂದಿನ ಮಾತು. ಕುಂಬಾರ ಅಹುನಿ ನದಿಯ ಮೆಕ್ಕಲು ಮಣ್ಣಿಗೆ ಸಣ್ಣಗೆ ಕೊಚ್ಚಿದ ಹುಲ್ಲು ಬೆರೆಸಿ ತುಳಿದು, ಚಕ್ರದ ಮೇಲೆ ದೊಡ್ಡ ಮುದ್ದೆ ಇಟ್ಟು, ಅದರ ತುದಿಯಿಂದ ಒಂದಾದ ಮೇಲೊಂದು ಬಟ್ಟಲು ಎತ್ತುತ್ತಿದ್ದ. ನನ್ನನ್ನು ದಾರದಿಂದ ಕೊಯ್ದು ತೆಗೆದ. ಆ ದಾರ ಎಳೆದ ಗೆರೆಗಳು ನನ್ನ ತಳದಲ್ಲಿ ಇವತ್ತಿಗೂ ಇವೆ. ಕೆಳಗೆ ಕಿರಿದು, ಮೇಲೆ ಅಗಲ, ಹಿಡಿಯಿಲ್ಲ, ಬಣ್ಣವಿಲ್ಲ. ಅರಮನೆಗೆ ಬೆಳ್ಳಿಯ ಬಟ್ಟಲು, ದೇವಾಲಯಕ್ಕೆ ನಯವಾದ ಬಿಳಿಗಲ್ಲಿನದು, ಉಳ್ಳವರಿಗೆ ತಾಮ್ರದ್ದು. ಉಳಿದವರ ತುಟಿಗೆಲ್ಲ ನಾವೇ.

ನನ್ನನ್ನು ಆರಿಸಿದವಳು ಬೆಲ್ತಾನಿ. ಆಗಷ್ಟೇ ಮದುವೆಯಾಗಿ ಬಂದಿದ್ದಳು. ಬೆರಳಿನ ಗೆಣ್ಣಿನಿಂದ ತಟ್ಟಿ, ಕಿವಿಗಿಟ್ಟು ಕೇಳಿ, ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಒಯ್ದಳು. ಮನೆಯಲ್ಲಿ ಇದ್ದವರು ಗಂಡ ಇಲ್ಶು ಮತ್ತು ಅತ್ತೆ ತಾರಾಮ್, ಇಬ್ಬರೇ. ಇಲ್ಶು ಹಡಗಿನಲ್ಲಿ ದಿಲ್ಮುನ್ ಎಂಬ ದ್ವೀಪಕ್ಕೆ ಹೋಗಿ ತಾಮ್ರ ತರುವವನು. ಮದುವೆಯಾದ ಮೂರನೇ ತಿಂಗಳಿಗೆ ಹೊರಟು ನಿಂತ. ಬೆಲ್ತಾನಿ ನನ್ನಲ್ಲಿ ನೀರು ತುಂಬಿ ಕೊಟ್ಟಳು. ಕುಡಿದು ನಕ್ಕ.

"ಬರುವಾಗ ನಿನಗೆ ತಾಮ್ರದ ಬಟ್ಟಲು ತರ್ತೀನಿ. ಈ ಮಣ್ಣಿಂದು ಬಿಸಾಕು."

ಅವನು ಹೋದ. ಮರು ವರ್ಷ ಹಡಗುಗಳು ಬಂದವು, ಅವನು ಬರಲಿಲ್ಲ. ಅದರ ಮರು ವರ್ಷವೂ ಅಷ್ಟೇ. ಬೆಲ್ತಾನಿ ಮಗ್ಗದ ಮುಂದೆ ಕೂತು ಉಣ್ಣೆ ನೇಯುತ್ತ ಮನೆ ನಡೆಸಿದಳು. ದಿನಾ ಬೆಳಿಗ್ಗೆ ನನ್ನಲ್ಲಿ ನೀರು ತುಂಬಿ ಗೂಡಿನಲ್ಲಿ ಇಡುತ್ತಿದ್ದಳು, ಅವನು ಬಾಯಾರಿ ಬಂದರೆ ಇರಲಿ ಅಂತ. ನೀರು ನನ್ನ ಮೈಯಿಂದ ಜಿನುಗಿ ಸಂಜೆಯ ಹೊತ್ತಿಗೆ ಅರ್ಧವಾಗುತ್ತಿತ್ತು. ಅದನ್ನು ಚೆಲ್ಲಿ, ಬೆಳಿಗ್ಗೆ ಮತ್ತೆ ತುಂಬುತ್ತಿದ್ದಳು.

ಆ ಊರಿನಲ್ಲಿ ಸತ್ತವರನ್ನು ಮನೆಯ ನೆಲದಡಿಯಲ್ಲೇ ಹೂಳುತ್ತಿದ್ದರು. ನೆಲದಿಂದ ಕೆಳಕ್ಕೆ ಒಂದು ಮಣ್ಣಿನ ಕೊಳವೆ. ಪ್ರತಿ ಅಮಾವಾಸ್ಯೆ ಅದರೊಳಗೆ ತಣ್ಣೀರು ಸುರಿದು, ಒಬ್ಬೊಬ್ಬರ ಹೆಸರು ಕರೆಯಬೇಕು. ಹೆಸರು ಕರೆಯದಿದ್ದರೆ ಅವರು ಕೆಳಗೆ ಧೂಳು ತಿಂದುಕೊಂಡು ಅಲೆಯುತ್ತಾರೆ ಎಂದು ನಂಬಿಕೆ. ನೀರು ಹಾಕುವುದು ಮನೆಯ ಸೊಸೆಯ ಕೆಲಸವಾಗಿತ್ತು. ಬೆಲ್ತಾನಿ ತೀರಿಹೋಗಿದ್ದ ಮಾವನ ಹೆಸರು ಹೇಳಿ ಸುರಿಯುತ್ತಿದ್ದಳು. ಅಲ್ಲಿಗೆ ನಿಲ್ಲಿಸುತ್ತಿದ್ದಳು.

"ನನ್ನ ಮಗನ ಹೆಸರೂ ಹೇಳು ತಾಯಿ," ಅನ್ನುತ್ತಿದ್ದಳು ತಾರಾಮ್. ಅವಳ ಕಣ್ಣು ಮಂಜಾಗಿತ್ತು. "ಸಮುದ್ರದಲ್ಲಿ ಬಿದ್ದವನಿಗೆ ಉಪ್ಪುನೀರು ಬಿಟ್ಟರೆ ಏನಿದೆ? ಗಂಟಲು ಒಣಗಿರುತ್ತೆ ಅವನಿಗೆ."

"ಅವರು ಸತ್ತಿಲ್ಲ ಅತ್ತೆ. ನಾನು ಹೇಳೋದಿಲ್ಲ."

ಈ ಜಗಳ ಒಂಬತ್ತು ವರ್ಷ ನಡೆಯಿತು. ಕೊನೆಕೊನೆಗೆ ಮುದುಕಿ ನಿದ್ದೆಯಲ್ಲೂ "ನೀರು, ನೀರು" ಎಂದು ಕನವರಿಸುತ್ತಿದ್ದಳು. ಆದರೂ ಬೆಲ್ತಾನಿ ಸೋಲಲಿಲ್ಲ.

ಹತ್ತನೇ ವರ್ಷದ ಒಂದು ಮಧ್ಯಾಹ್ನ ಬಾಗಿಲಲ್ಲಿ ಒಬ್ಬ ನಾವಿಕ ನಿಂತ. ಮುಖ ಬಿಸಿಲಿಗೆ ಸುಟ್ಟಿತ್ತು. ಚೀಲದಿಂದ ಒಂದು ತಾಮ್ರದ ಬಟ್ಟಲು ತೆಗೆದು ಅವಳ ಮುಂದೆ ಹಿಡಿದ.

"ಇಲ್ಶು ಕೊಟ್ಟು ಕಳಿಸಿದ, ಅಕ್ಕಾ."

"ಇದ್ದಾರಾ?"

"ಇದ್ದಾನೆ. ದಿಲ್ಮುನ್‌ನಲ್ಲೇ." ನಾವಿಕ ನೆಲ ನೋಡಿದ. "ಅಲ್ಲೊಂದು ಮನೆ ಮಾಡಿದ್ದಾನೆ. ಹೆಂಡತಿ, ಮೂರು ಮಕ್ಕಳು. ಇನ್ನು ಈ ಕಡೆ ಬರೋನಲ್ಲ. ಅವಳಿಗೆ ಮಾತು ಕೊಟ್ಟಿದ್ದೆ, ಇದೊಂದು ತಲುಪಿಸಿಬಿಡು ಅಂದ."

ಬೆಲ್ತಾನಿ ಬಾಗಿಲ ಕಂಬ ಹಿಡಿದಳು. ನಾನು ಗೂಡಿನಿಂದ ನೋಡುತ್ತಿದ್ದೆ. ತಾಮ್ರದ ಬಟ್ಟಲು ಹೊಳೆಯುತ್ತಿತ್ತು, ಚೆನ್ನಾಗಿಯೇ ಇತ್ತು. ಅವಳು ಅದನ್ನು ಮುಟ್ಟಲಿಲ್ಲ.

"ನೀನೇ ಇಟ್ಕೋ ತಮ್ಮಾ," ಅಂದಳು. "ಕೊಟ್ಟೆ ಅಂತ ಹೇಳು."

ಒಳಗಿನಿಂದ ತಾರಾಮ್ ಕೂಗಿದಳು. "ಯಾರು ಬಂದಿದ್ದು ಮಗಳೇ?"

"ದಾರಿ ತಪ್ಪಿದವರು, ಅತ್ತೆ."

ಆ ಸಲದ ಅಮಾವಾಸ್ಯೆಗೆ ಬೆಲ್ತಾನಿ ನನ್ನನ್ನು ತೊಳೆದು, ನೀರು ತುಂಬಿಕೊಂಡು ಕೊಳವೆಯ ಬಳಿ ಕೂತಳು. ಮಾವನ ಹೆಸರು ಹೇಳಿದಳು. ಮತ್ತೆ ತುಂಬಿಕೊಂಡಳು. ನಾನು ಒಡೆದೇ ಹೋಗುತ್ತೇನೋ ಎನ್ನುವಷ್ಟು ಬಿಗಿಯಾಗಿ ಹಿಡಿದು, ಗಟ್ಟಿಯಾಗಿ ಕರೆದಳು. "ಇಲ್ಶು, ತಾರಾಮಳ ಮಗ. ಕುಡಿ."

ಮುದುಕಿ ತೆವಳಿಕೊಂಡು ಬಂದು ಸೊಸೆಯ ಪಾದ ಹಿಡಿದು ಅತ್ತಳು. "ಈಗ ಅವನ ಗಂಟಲು ತಣ್ಣಗಾಯ್ತು ಕಣೇ, ನನ್ನ ಹೊಟ್ಟೆಯೂ ತಣ್ಣಗಾಯ್ತು." ಬೆಲ್ತಾನಿ ಅತ್ತೆಯ ತಲೆ ಸವರಿದಳು. ಅಂದಿನಿಂದ ತಾರಾಮ್ ನೆಮ್ಮದಿಯಾಗಿ ನಿದ್ದೆ ಮಾಡಿದಳು. ಆ ಚಳಿಗಾಲದಲ್ಲೇ ತೀರಿಕೊಂಡಳು.

ಆಮೇಲೆ ಮನೆಯಲ್ಲಿ ಬೆಲ್ತಾನಿ ಮತ್ತು ನಾನು. ಅಮಾವಾಸ್ಯೆಗೆ ಮಾವನಿಗೆ ಸುರಿದಳು, ಅತ್ತೆಗೆ ಸುರಿದಳು. ಇಲ್ಶುವಿನ ಹೆಸರನ್ನು ಮತ್ತೆಂದೂ ಎತ್ತಲಿಲ್ಲ. ಮೂರನೇ ಬಟ್ಟಲು ತುಂಬಿಕೊಳ್ಳುತ್ತಿದ್ದಳು. ಆಮೇಲೆ ಅದನ್ನು ತಾನೇ ಕುಡಿಯುತ್ತಿದ್ದಳು. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು. ಅವಳ ತುಟಿ ತಗುಲಿ ತಗುಲಿ ನನ್ನ ಅಂಚು ಒಂದು ಕಡೆ ಸವೆದಿದೆ.

ಅವಳು ಸತ್ತಾಗ ಪಕ್ಕದ ಮನೆಯವರು ನೆಲ ಅಗೆದು ಮಲಗಿಸಿದರು. ಯಾರೋ ಪುಣ್ಯಾತ್ಮರು ಅವಳ ಬಲಗೈಯಲ್ಲಿ ನನ್ನನ್ನು ಇಟ್ಟು, ಬಾಯಿಯ ಹತ್ತಿರ ತಂದಿಟ್ಟರು. ಮೇಲೆ ಮಣ್ಣು ಮುಚ್ಚಿತು. ಹೊಸದಾಗಿ ಬಂದ ಒಕ್ಕಲಿನವರು ಅವಳನ್ನು ಅರಿತವರಲ್ಲ. ಅಮಾವಾಸ್ಯೆ ಬಂತು, ಹೋಯಿತು. ಕೊಳವೆಯಿಂದ ಒಂದು ಹನಿಯೂ ಇಳಿಯಲಿಲ್ಲ. ನಾನು ಖಾಲಿ ಇದ್ದೆ. ಅವಳಿಗೆ ಕೊಡಲು ನನ್ನಲ್ಲಿ ಏನೂ ಇರಲಿಲ್ಲ. ಅದಕ್ಕಿಂತ ದೊಡ್ಡ ಸಂಕಟ ನನಗೆ ಯಾವುದೂ ಆಗಿಲ್ಲ. ನದಿ ದೂರ ಸರಿಯಿತು, ಊರು ಪಾಳು ಬಿತ್ತು, ಅವಳ ಬೆರಳುಗಳು ಬರೀ ಮೂಳೆಯಾದವು. ಹಿಡಿತ ಮಾತ್ರ ಸಡಿಲವಾಗಲಿಲ್ಲ.

ಎಷ್ಟೋ ಕಾಲದ ಮೇಲೆ ಸಲಿಕೆಯ ಸದ್ದಾಯಿತು. ಟೋಪಿ ಹಾಕಿದ ಒಬ್ಬ ಹೆಂಗಸು ಮಂಡಿಯೂರಿ ಕೂತು, ಕುಂಚದಿಂದ ಮಣ್ಣು ಸರಿಸುತ್ತ ಜೊತೆಯವನಿಗೆ ಹೇಳಿದಳು, "ನಿಧಾನ. ಬೆರಳು ಮುರಿಯದ ಹಾಗೆ ಬಿಡಿಸಿ." ಒಳ್ಳೆಯ ಕೈಯವರು, ಏನೂ ಮುರಿಯಲಿಲ್ಲ. ಬೆಲ್ತಾನಿಯನ್ನು ಒಂದು ಪೆಟ್ಟಿಗೆಗೆ ಹಾಕಿದರು, ನನ್ನನ್ನು ಇನ್ನೊಂದಕ್ಕೆ. ಅವಳ ಪೆಟ್ಟಿಗೆ ಎಲ್ಲಿಗೆ ಹೋಯಿತೋ ತಿಳಿಯದು.

ಈಗ ನಾನು ದೂರದ ಒಂದು ಸಂಗ್ರಹಾಲಯದ ಗಾಜಿನ ಕಪಾಟಿನಲ್ಲಿದ್ದೇನೆ. ಬಲಕ್ಕೆ ಬೆಳ್ಳಿಯ ಬಟ್ಟಲಿದೆ, ಎಡಕ್ಕೆ ಉಷ್ಟ್ರಪಕ್ಷಿಯ ಮೊಟ್ಟೆಯಿಂದ ಮಾಡಿದ್ದು, ಹಿಂದೆ ಬಿಳಿಗಲ್ಲಿನದು. ಜನ ಅವುಗಳ ಮುಂದೆ ನಿಲ್ಲುತ್ತಾರೆ, ನನ್ನನ್ನು ದಾಟಿ ಹೋಗುತ್ತಾರೆ. ಅದಕ್ಕೆ ನನಗೇನೂ ಬೇಸರವಿಲ್ಲ. ಅಲ್ಲಿ ನೆಲದಡಿಯಲ್ಲಿ ಕತ್ತಲಿತ್ತು, ಆದರೆ ನಾನು ಒಬ್ಬಳ ಕೈಯಲ್ಲಿದ್ದೆ. ಇಲ್ಲಿ ದಿನವಿಡೀ ಬೆಳಕು.