ಹದಿನಾರರ ಲೆನ್ಸು

ಮಚ್ಛೇಂದ್ರ ಅಭ್ಯಾಸದಂತೆ ಹಿಂದೆ ಹಿಂದೆ ಸರಿದು ಹೊಸ್ತಿಲು ದಾಟಲು ಹೋದವನು ತಟ್ಟನೆ ನಿಂತ. ದಾಟುವ ಅಗತ್ಯವೇ ಇರಲಿಲ್ಲ. ಏಕನಾಥನ ಮನೆ ಪೂರ್ತಿಯಾಗಿ ಕ್ಯಾಮೆರಾದೊಳಗೆ ಬಂದು ಕೂತಿತ್ತು. ಒಲೆ, ಟ್ರಂಕು, ಮಂಚ, ಬುದ್ಧನ ಪಟ, ಮೂಲೆಯ ತಾಮ್ರದ ಕೊಡ, ಹಿತ್ತಲ ಬಾಗಿಲು, ಅದರಾಚೆ ನೀರಿನ ಟ್ಯಾಂಕರಿನ ದಾರಿ ಕಾಯುತ್ತ ನಿಂತ ಖಾಲಿ ಡ್ರಮ್ಮು, ಯಾವುದೂ ಬಿಟ್ಟುಹೋಗಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಹಳೆಯ ಲೆನ್ಸಿನಲ್ಲಿ ಮನೆಗಳನ್ನು ಅರ್ಧರ್ಧ ಕತ್ತರಿಸಿ ದಣಿದ ಕಣ್ಣು ಒಮ್ಮೆ ಹಿಗ್ಗಿತು.

"ಎಲ್ಲಾ ಬಂತೇನ್ರಿ?" ಏಕನಾಥ ಕೇಳಿದ.

"ಎಲ್ಲಾ ಬಂತು. ನೀವೂ ಬಂದೀರಿ. ಜರಾ ಆ ಕಡಿ ಸರೀರಿ."

ಹದಿನಾರು ಎಂ.ಎಂ.ನ ಈ ಅಗಲನೋಟದ ಲೆನ್ಸು ಅವನದಲ್ಲ. ಬೀದರಿನಲ್ಲಿ ಕ್ಯಾಮೆರಾ ರಿಪೇರಿ ಮಾಡುವ, ಮಾರುವ ಅಬ್ದುಲ ವಾಹೀದ ಎರಡು ದಿನದ ಮಟ್ಟಿಗೆ ಅವನ ಕೈಗೆ ಕೊಟ್ಟಿದ್ದ. "ತೆಗದು ನೋಡ್ರಿ ಭಾಯ್. ದಿಲ್ ಒಪ್ಪಿದರ ನಿಮ್ದು, ಇಲ್ಲಾಂದ್ರ ವಾಪಸ್" ಎಂದಿದ್ದ. ಬೆಲೆ ಕೇಳಿ ಮಚ್ಛೇಂದ್ರ ಕುಡಿಯುತ್ತಿದ್ದ ಚಹಾ ಕೆಳಗಿಟ್ಟಿದ್ದ. ಆದರೂ ಲೆನ್ಸನ್ನು ಚೀಲಕ್ಕೆ ಹಾಕಿಕೊಂಡೇ ಬಂದಿದ್ದ. ಇವತ್ತು ಸಂಜೆಗೆ ಆ ಎರಡು ದಿನ ಮುಗಿಯುತ್ತಿತ್ತು.

ಬೇಕೇ ಬೇಕು ಅನ್ನಲು ಕಾರಣವಿತ್ತು. ಎರಡು ವರ್ಷ ಮಳೆ ಕೈಕೊಟ್ಟು, ಅರ್ಧ ತಾಲ್ಲೂಕು ಪುಣೆ, ಹೈದರಾಬಾದಿನ ಕಡೆ ಗಂಟು ಕಟ್ಟಿತ್ತು. ಭಾಲ್ಕಿಯ ಅವನ ಸ್ಟುಡಿಯೋಕ್ಕೆ ಬರುವ ಮದುವೆ ಕೆಲಸ ಬೆರಳೆಣಿಕೆಯಷ್ಟಾಗಿತ್ತು. ಅದರ ಬದಲು ಹೊಸ ಕೆಲಸವೊಂದು ಹುಟ್ಟಿತ್ತು. ಮೊದಲಾದರೆ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಬರುತ್ತಿದ್ದರು. ಹೆಂಗಸರು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆ ಹೊಕ್ಕು ಡಬ್ಬಿಗಳ ಮುಚ್ಚಳ ಎತ್ತುತ್ತಿದ್ದರು, ಹಿತ್ತಲಿಗೆ ಹೋಗಿ ಬರುತ್ತಿದ್ದರು. ಈಗ ಹೆಣ್ಣಿನವರೇ ಪುಣೆಯ ಯಾವುದೋ ಕಟ್ಟಡದ ಕೆಳಗೆ ತಾಡಪತ್ರಿ ಕಟ್ಟಿಕೊಂಡಿದ್ದರು. ಮನೆ ನೋಡಲು ಎರಡು ದಿನದ ಕೂಲಿ ಬಿಟ್ಟು ಬರುವವರು ಯಾರು? ಮನೆಯ ಫೋಟೋ ಫೋನಿನಲ್ಲಿ ಹೋಗುತ್ತಿತ್ತು, ಒಪ್ಪಿಗೆ ಫೋನಿನಲ್ಲೇ ಬರುತ್ತಿತ್ತು. ಆ ತಿಂಗಳಲ್ಲಿ ಇದು ಅವನ ನಾಲ್ಕನೆಯ ಮನೆ. ಏಕನಾಥನ ಮಗ ವೈಜಿನಾಥನಿಗೆ ಹೆಣ್ಣು ಗೊತ್ತಾಗುವುದಿತ್ತು.

ಕ್ಯಾಮೆರಾದ ಬೆನ್ನಲ್ಲಿ ಮೂಡಿದ ಚಿತ್ರವನ್ನು ಏಕನಾಥನ ಹೆಂಡತಿ ಕೌಸಲ್ಯಾಬಾಯಿ ಸೆರಗಿನಿಂದ ಬಿಸಿಲು ಮರೆಮಾಡಿ ನೋಡಿದಳು.

"ಇದು ನಮ್ಮ ಮನಿ ಅಲ್ಲ ಬಿಡ್ರಿ. ಇಷ್ಟ ದೊಡ್ಡದೆಲ್ಲದ ನಮ್ದು."

"ನಿಮ್ಮದೇ ಅದ ಬಾಯಿ. ನಿಮ್ಮ ಕಣ್ಣ ಮುಂದೇ ತಗದೇನಲ್ಲ."

"ಹಂಗಾದ್ರ ಆ ಹುಡುಗಿ ಬಂದ ಮ್ಯಾಲ ಈ ಮನಿ ಎಲ್ಲದ ಅಂತ ಹುಡುಕ್ತಾಳ ನೋಡ್ರಿ."

ಏಕನಾಥ ಹೆಂಡತಿಯ ಮೇಲೆ ರೇಗಿದ. ಮಚ್ಛೇಂದ್ರ ನಕ್ಕು, ಹೋಲಿಸಿ ನೋಡಲಿಕ್ಕಿರಲಿ ಎಂದು ಹಳೆಯ ಲೆನ್ಸು ಹಾಕಿ, ಹೊಸ್ತಿಲಾಚೆ ನಿಂತು ಇನ್ನೊಂದು ತೆಗೆದ. ಅದರಲ್ಲಿ ಅರ್ಧ ಮಂಚ, ಒಂದು ಗೋಡೆ, ಬುದ್ಧನ ಪಟ ಇಷ್ಟೇ ಬಂತು. ಏಕನಾಥ ಅದರ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. "ಮೊದಲಿಂದೇ ಕಳಸ್ರಿ" ಎಂದ.

ಏಕನಾಥನ ಊರು ಚಿಂತಾಕಿಯಿಂದ ಜೀಪು ಹಿಡಿದು ಔರಾದಿಗೆ ಬಂದಾಗ ಹೊತ್ತು ನೆತ್ತಿಯಿಂದ ಇಳಿದಿತ್ತು. ಬೀದರಿನ ಬಸ್ಸಿಗೆ ಇನ್ನೂ ಒಂದು ತಾಸು. ಹಾಸಿಗೆಯ ಸುರುಳಿ, ಸ್ಟೋವು, ಕೋಳಿಯ ಬುಟ್ಟಿ ಇಟ್ಟುಕೊಂಡು ಹೈದರಾಬಾದಿನ ಬಸ್ಸಿಗೆ ಕಾದಿದ್ದವರ ನಡುವೆ ಜಾಗ ಮಾಡಿಕೊಂಡು ಕೂತ. ಫೋನು ರಿಂಗಾಯಿತು. ಹೆಂಡತಿ ಸುಭದ್ರಾಬಾಯಿ.

"ಪಂಚಶೀಲಾಗ ಫೋನ್ ಹಚ್ಚಿದ್ದೆ. ಬರೂ ವಾರ ಬರ್ತೇವಿ ಅಂದೆ. ಬಿಸಲ ಭಾಳ ಅದ, ಈಗ ಬ್ಯಾಡ ಅಂದಳು."

"ಹೂಂ."

"ಮಳಿಗಾಲದಾಗ ದೀಪಾವಳಿಗಿ ಬರ್ರಿ ಅಂದಳು. ದೀಪಾವಳಿಗಿ ಅತ್ತಿಗಿ ಆರಾಮಿಲ್ಲ ಅಂದಳು. ಈಗ ಬಿಸಲ. ನಮ್ಮ ಹುಡುಗಿಗಿ ನಾವು ಬ್ಯಾಡಾಗೇವಿ ಏನ್ರಿ?"

ಅವನಿಗೂ ಹಾಗೇ ಅನ್ನಿಸಿ ಬಹಳ ದಿನವಾಗಿತ್ತು. ಪಂಚಶೀಲಾ ಒಬ್ಬಳೇ ಮಗಳು. ಮದುವೆಯಾಗಿ ವರ್ಷವಾದರೂ ಅವಳ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಬೀಗರು ಭಾಲ್ಕಿಗೇ ಬಂದು ಮದುವೆ ಮುಗಿಸಿಕೊಂಡು ಕರೆದೊಯ್ದಿದ್ದರು. ಪುಣೆಯಲ್ಲಿ ಅಷ್ಟು ದೊಡ್ಡ ಮನೆ ಸಿಕ್ಕಿತು, ಭಾಲ್ಕಿಯ ಎರಡು ಖೋಲಿಯ ಮನೆಯ ಅಪ್ಪ ಅವ್ವ ಸಣ್ಣವರಾಗಿ ಕಂಡರು ಎಂದು ಅವನು ಮನಸ್ಸಿನಲ್ಲೇ ಮಗಳ ಮೇಲೆ ಮುನಿಸಿಕೊಂಡಿದ್ದ. ಆ ಮನೆಯನ್ನು ಆರಿಸಿದವನೂ ಅವನೇ. ಅದರ ಫೋಟೋ ಫೋನಿನಲ್ಲಿ ಬಂದಾಗ ಸುಭದ್ರಾಬಾಯಿ, "ಈ ಸಿಲೆಂಡರ ಯಾಕ ಇಷ್ಟ ದಪ್ಪ ಅದ?" ಎಂದು ಕೇಳಿದ್ದಳು. ಅವನು ನಕ್ಕಿದ್ದ. "ನೀ ಸಿಲೆಂಡರ ನೋಡಬ್ಯಾಡ, ಆ ಗ್ವಾಡಿ ಎಷ್ಟ ದೂರದಾಗ ಅದ ನೋಡು. ಫೋಟೋದಾಗ ನನಗ ಮೋಸ ಮಾಡೋರು ಇನ್ನೂ ಹುಟ್ಟಿಲ್ಲ" ಎಂದಿದ್ದ.

ಫೋನಿಟ್ಟು, ಲೆನ್ಸು ಕೊಳ್ಳುವುದೋ ಬೇಡವೋ ತೀರ್ಮಾನಿಸೋಣವೆಂದು ಕ್ಯಾಮೆರಾ ತೆಗೆದ. ಚಿಂತಾಕಿಯ ಚಿತ್ರವನ್ನು ಹಿಗ್ಗಿಸಿ ನಡುವಿನಿಂದ ಅಂಚಿನ ಕಡೆ ಸರಿಸುತ್ತ ಹೋದ. ನಡುವೆ ಬುದ್ಧನ ರೆಪ್ಪೆಯೂ ಎಣಿಸುವಷ್ಟು ಸ್ವಚ್ಛ. ಕತ್ತಲೆ ಮೂಲೆಯಲ್ಲೂ ಬಣ್ಣ ಕೆಟ್ಟಿರಲಿಲ್ಲ. ಲೆನ್ಸಿನ ಮೇಲಿನ ತಿರುಗಿಸುವ ಬಳೆ ಕೈಗೆ ಬೆಣ್ಣೆಯಂತೆ ಒದಗುತ್ತಿತ್ತು. ಅಂಚಿಗೆ ಬಂದಾಗ ಬೆರಳು ನಿಂತಿತು. ಮೂಲೆಯಲ್ಲಿದ್ದ ಕೌಸಲ್ಯಾಬಾಯಿಯ ತಾಮ್ರದ ಕೊಡ ಅಡ್ಡಡ್ಡ ಎಳೆದುಕೊಂಡು ಕುಂಬಳಕಾಯಿಯಾಗಿತ್ತು. ಹಿತ್ತಲ ಬಾಗಿಲು ಹೊರಗೋಡಿದಂತೆ ದೂರ ಹೋಗಿತ್ತು. ಆ ಮನೆಯಲ್ಲಿ ಮಂಚದಿಂದ ಬಾಗಿಲಿಗೆ ನಾಲ್ಕು ಹೆಜ್ಜೆ ಎಂಬುದು ಅವನ ಕಾಲಿಗೆ ಗೊತ್ತಿತ್ತು.

ಸುಭದ್ರಾಬಾಯಿ ಕೇಳಿದ್ದ ಆ ದಪ್ಪ ಸಿಲಿಂಡರು ನೆನಪಾಯಿತು. ಫೋನು ತೆಗೆದು, ಕಂಡಕಂಡವರಿಗೆಲ್ಲ ತೋರಿಸಿ ಮೆರೆದ ಆ ಪುಣೆಯ ಮನೆಯನ್ನು ಹುಡುಕಿದ. ಅಂಚಿನಲ್ಲಿ ಸಿಲಿಂಡರು ಕುಂಬಳಕಾಯಿಯಾಗಿ ಕೂತಿತ್ತು. ದೂರದ ಗೋಡೆ ದೂರದಲ್ಲೇ ಇತ್ತು. ಈಗ ಅವನು ಗೋಡೆ ನೋಡಲಿಲ್ಲ, ನೆಲ ನೋಡಿದ. ಎರಡೆರಡು ಅಡಿಯ ಶಹಾಬಾದ ಫರ್ಸಿ, ನೆಲಕ್ಕೆ ಹಾಸುವ ಚೌಕ ಕಲ್ಲು. ಲೆನ್ಸು ಕಲ್ಲನ್ನು ಎಷ್ಟಾದರೂ ಎಳೆಯಲಿ, ಒಂದು ಕಲ್ಲನ್ನು ಎರಡು ಮಾಡಲಾರದು. ಈ ಗೋಡೆಯಿಂದ ಆ ಗೋಡೆಗೆ ಐದು. ಅಡ್ಡಕ್ಕೆ ನಾಲ್ಕು. ಮತ್ತೊಮ್ಮೆ ಎಣಿಸಿದ. ಹತ್ತಡಿ ಉದ್ದ, ಎಂಟಡಿ ಅಗಲ. ಅಷ್ಟರೊಳಗೆ ಅತ್ತೆ, ಮಾವ, ಮೈದುನ, ಗಂಡ, ಅವಳು.

ಇಷ್ಟು ದಿನ ತಾನು ಮುನಿಸಿಕೊಂಡದ್ದು ಯಾರ ಮೇಲೆ ಎಂದು ನೆನೆದು ಅವನಿಗೆ ತನ್ನ ಬಗ್ಗೆಯೇ ಹೇಸಿಕೆಯಾಯಿತು. ಹೈದರಾಬಾದಿನ ಬಸ್ಸು ಬಂದು ಜನ ನುಗ್ಗಿದರು. ಬೆಂಚು ಖಾಲಿಯಾದರೂ ಅವನು ಅಂಚಿನಲ್ಲೇ ಮುದುಡಿ ಕೂತಿದ್ದ.

ಸಂಜೆ ಬೀದರಿನಲ್ಲಿ ವಾಹೀದನ ಅಂಗಡಿಯ ಗಾಜಿನ ಮೇಲೆ ಲೆನ್ಸಿಟ್ಟು, ಪಕ್ಕದಲ್ಲಿ ಫೋನಿಟ್ಟ.

"ಇದು ಎಷ್ಟರ ಲೆನ್ಸಿನಾಗ ತಗದದ್ದು, ನೋಡಿ ಹೇಳ್ರಿ."

ವಾಹೀದ ಕನ್ನಡಕ ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದ. "ಹದಿನಾರು. ತಗದವ ಬಾಗಲ ಮೂಲಿಗಿ ಬೆನ್ನು ಹಚ್ಚಿ ನಿಂತಾನ. ಉಸ್ತಾದ್ ಇದ್ದಾನ, ಬೆಳಕ ಛಲೋ ಹಿಡದಾನ. ಯಾರ ಮನಿ ಭಾಯ್?"

"ನಮ್ಮ ಪಂಚಶೀಲಾಂದು."

ವಾಹೀದನಿಗೆ ಆ ಹುಡುಗಿ ಫ್ರಾಕು ಹಾಕಿಕೊಂಡು ಅಂಗಡಿಗೆ ಬರುತ್ತಿದ್ದುದು ನೆನಪಿತ್ತು. ಅವನು ಫೋನನ್ನು ಬೋರಲಾಗಿಟ್ಟು, ಸ್ವಲ್ಪ ಹೊತ್ತು ಲೆನ್ಸಿನ ಗಾಜು ಒರೆಸಿದ.

"ಇದರಾಗ ಏನರ ಐಬು ಕಂಡಿತೇನ್ರಿ?"

"ಏನೂ ಇಲ್ಲ. ರೊಕ್ಕಕ್ಕ ಲಾಯಕ್ಕದ. ಇದ್ದರ ಮುಂದಿನ ವರ್ಷನೂ ನನ್ನ ಸ್ಟುಡಿಯೋ ನಡೀತದ." ಮಚ್ಛೇಂದ್ರ ಚೀಲದ ಗುಂಡಿ ಹಾಕಿದ. "ನೀವು ಇಟ್ಕೋರಿ. ಚಿಂತಾಕಿಯವರಿಗಿ ಹಳೇ ಲೆನ್ಸಿಂದೇ ಕಳಸ್ತೇನಿ. ಬೈದರ ಬೈಲಿ."

ವಾಹೀದ ಒತ್ತಾಯ ಮಾಡಲಿಲ್ಲ. ಚಹಾ ತರಿಸಿದ. ಈ ಸಲ ಮಚ್ಛೇಂದ್ರ ಪೂರ್ತಿ ಕುಡಿದ.

ಬಸ್ ನಿಲ್ದಾಣದಲ್ಲಿ ಭಾಲ್ಕಿಯ ಬಸ್ಸು ನಿಂತಿತ್ತು. ಕಿಟಕಿಯ ಪಕ್ಕ ಕೂತು ಮಗಳಿಗೆ ಫೋನು ಹಚ್ಚಿದ. ಆಚೆಗೆ ಟಿ.ವಿ. ಸದ್ದು, ಯಾರೋ ಕೆಮ್ಮುವುದು, ಪಾತ್ರೆ ಬಿದ್ದದ್ದು, ಎಲ್ಲವೂ ಅವಳ ಬಾಯಿಯ ಹತ್ತಿರವೇ ಕೇಳಿದವು. ವರ್ಷದಿಂದ ಹಾಗೇ ಕೇಳುತ್ತಿದ್ದವು.

"ಅರಾಮ ಇದ್ದೀಯೇನವ್ವಾ?"

"ಅರಾಮ ಇದ್ದೇನಪ್ಪಾ. ನೀವು?"

"ನಾನೂ ನಿಮ್ಮವ್ವನೂ ಬರೂ ಐತಾರ ಬರ್ತೇವಿ."

"ಅಪ್ಪಾ, ಬಿಸಲ..." ಅವಳು ಧ್ವನಿ ತಗ್ಗಿಸಿದಳು. "ಬರೋದಿದ್ರ ಟೇಶನ್ನಿಗೇ ನಾ ಬರ್ತೇನಿ. ಅಲ್ಲೇ ಭೇಟಿ ಆಗೂಣು. ಹೋಟಲಿನಾಗ ಊಟಾ ಮಾಡೂಣು."

"ಮನಿಗೇ ಬರ್ತೇವವ್ವಾ. ರಾತ್ರಿ ನಿಂದರೂದಿಲ್ಲ. ಒಂದ ತಾಸು ಕೂತು ಬರ್ತೇವಿ."

ಆಚೆ ಅವಳ ಬಳೆ ಗೋಡೆಗೆ ತಾಗಿದ್ದು ಕೇಳಿಸಿತು.

"ನಾ ಫರ್ಸಿ ಎಣಸೇನಿ, ಪಂಚಶೀಲಾ" ಎಂದ. "ಐದು, ನಾಕು. ನೀ ಏನೂ ಮುಚ್ಚಿಡಬ್ಯಾಡ. ತಪ್ಪು ನಂದು."

ಆಚೆ ಟಿ.ವಿ. ಸದ್ದು ದೂರವಾಯಿತು. ಬಾಗಿಲು ತೆರೆದು ಹೊರಗೆ ಬಂದಿರಬೇಕು. ಇಲ್ಲಿ ಡ್ರೈವರು ಬಂದು ಬಸ್ಸು ಚಾಲು ಮಾಡಿದ. ಕಿಟಕಿಯ ಗಾಜು ಅದುರತೊಡಗಿತು. ಮಚ್ಛೇಂದ್ರ ಫೋನನ್ನು ಕಿವಿಗೆ ಒತ್ತಿ ಹಿಡಿದ.

"ಮೂಲ್ಯಾಗ ಇನ್ನೂ ಒಂದ ಅರ್ಧ ಫರ್ಸಿ ಅದ ಅಪ್ಪಾ" ಎಂದಳು ಮಗಳು. "ಕಪಾಟಿನ ಕೆಳಗ. ಫೋಟೋದಾಗ ಬಂದಿಲ್ಲ."