ಮುಚ್ಚಿದ ಬಾಯಿ

"ಅವ್ವಾ, ಕೂಲರ್ ಬಂದ್ ಮಾಡು. ಮತ್ತ ಸುರು ಮಾಡ್ಯಾಳ ಆಕಿ."

ದಾಕ್ಷಾಯಿಣಿ ಲಟ್ಟಣಿಗೆ ಬಿಟ್ಟು ಬಂದು ಕೂಲರ್ ಆರಿಸಿದಳು. ಮೇ ತಿಂಗಳ ನಾಗಪುರದಲ್ಲಿ ಕೂಲರ್ ಇಲ್ಲದ ಕೋಣೆಯೆಂದರೆ ಕಾದ ಹಂಚು. ಮಗಳು ಕೀರ್ತಿ ಅದರಲ್ಲೂ ದುಪಟ್ಟಾವನ್ನು ಕಿವಿಗೆ ಬಿಗಿದುಕೊಂಡು ಮೂಲೆ ಹಿಡಿದು ಕೂತಿದ್ದಳು. ಕಾಲೇಜು ಬಿಟ್ಟಳು, ಸ್ನಾನ ಬಿಟ್ಟಳು. ಈಗ ತಟ್ಟೆ ಮುಂದಿಟ್ಟರೂ ದೂರ ಸರಿಸುತ್ತಿದ್ದಳು.

ಪಕ್ಕದ ಮನೆಯ ಸುಲಭಾತಾಯಿ ತನ್ನ ಬಗ್ಗೆ ಆಡಿಕೊಳ್ಳುತ್ತಾಳೆ, ಕೂಲರಿನ ಗಾಳಿಯಲ್ಲಿ ಅದೆಲ್ಲ ಕೇಳಿಸುತ್ತದೆ ಎಂದು ಕೀರ್ತಿ ಮೊದಲ ಸಲ ಅತ್ತಾಗ ದಾಕ್ಷಾಯಿಣಿ ಹಿಂದೆಮುಂದೆ ನೋಡಿರಲಿಲ್ಲ. ತಾರಸಿಯ ಮೇಲೆ ಹಪ್ಪಳ ಒಣಹಾಕುತ್ತಿದ್ದ ಹೆಂಗಸರೆದುರೇ ತನ್ನ ಅರೆಬರೆ ಮರಾಠಿಯಲ್ಲಿ ಸುಲಭಾತಾಯಿಯನ್ನು ಹಿಗ್ಗಾಮುಗ್ಗಾ ಜಾಡಿಸಿದ್ದಳು. ಆಕೆ ತುಟಿ ಪಿಟಕ್ಕೆನ್ನದೆ ಕೆಳಗಿಳಿದು ಹೋಗಿದ್ದಳು. ತಪ್ಪಿರುವುದಕ್ಕೇ ಬಾಯಿ ಕಟ್ಟಿತು ಎಂದು ದಾಕ್ಷಾಯಿಣಿ ಒಳಗೊಳಗೇ ಬೀಗಿದ್ದಳು.

ಇವತ್ತು ಮಗಳೆದುರು ಕೂತು, "ಏನಂತಾಳವ್ವಾ ಆಕಿ? ಬರೋಬರ್ ಹೇಳು," ಎಂದಳು.

ಕೀರ್ತಿ ಕಿಟಕಿಯತ್ತ ನೋಡಿ ದನಿ ತಗ್ಗಿಸಿದಳು. "'ಈಕಿ ಹೊಲಸಾಗ್ಯಾಳ, ಅನ್ನದಾಗ ಏನರ ಹಾಕ್ರಿ' ಅಂತಾಳ. 'ಅವರವ್ವಗ ಗೊತ್ತಾಗೂದಿಲ್ಲ' ಅಂತಾಳ."

"ಮರಾಠಿಯೊಳಗ ಹೆಂಗಂತಾಳ?"

"ಮರಾಠಿ ಯಾಕ? ನಮ್ಮ ಮಾತಿನ್ಯಾಗ. ಹಿಂಗ, ನಾ ಅಂದಂಗ."

ದಾಕ್ಷಾಯಿಣಿ ಪಕ್ಕದ ಮನೆಯ ಗೋಡೆಯತ್ತ ನೋಡಿದಳು. ಈ ಓಣಿಯಲ್ಲಿ ಕನ್ನಡದ್ದು ಇದೊಂದೇ ಮನೆ. ಸುಲಭಾತಾಯಿಗೆ 'ಊಟ ಆತೇನ್ರಿ' ಎಂಬುದರಾಚೆ ಒಂದಕ್ಷರ ಬಾರದು; ಅದನ್ನು ಕಲಿಸಿದವಳೂ ಕೀರ್ತಿಯೇ. ಬೈದದ್ದು ನೆನಪಾಗಿ ನಾಚಿಕೆಯಾಯಿತು. ನಾಚಿಕೆಗಿಂತ ಹೆದರಿಕೆಯೇ ದೊಡ್ಡದಾಯಿತು. ಹೊರಗಿನವರು ಆಡಿದ್ದರೆ ಜಗಳವಾಡಿಯಾದರೂ ಬಾಯಿ ಮುಚ್ಚಿಸಬಹುದಿತ್ತು.

ಗಂಡ ಚನ್ನಪ್ಪನ ಫ್ಯಾಕ್ಟರಿಯಲ್ಲಿ ಫೋನ್ ಒಳಗೆ ಬಿಡುವುದಿಲ್ಲ. ಅವಳು ಚಪ್ಪಲಿ ಮೆಟ್ಟುವುದನ್ನೂ ಮರೆತು, ಸುಡುವ ಅಂಗಳ ದಾಟಿ ಪಕ್ಕದ ಬಾಗಿಲು ಬಡಿದಳು. ತಪ್ಪಾಯಿತು ಎನ್ನುವಷ್ಟರಲ್ಲಿ ಅಳು ಒತ್ತರಿಸಿ ಬಂತು; ಅಳುತ್ತಲೇ ಎಲ್ಲ ಹೇಳಿದಳು.

ಸುಲಭಾತಾಯಿ ಪೂರ್ತಿ ಕೇಳಿದಳು. ಆಮೇಲೆ, ಅರ್ಥವಾಗಲೆಂದು ಮರಾಠಿಯನ್ನು ಬಿಡಿಸಿ ಬಿಡಿಸಿ ಹೇಳಿದಳು: "ಅತ್ತಿಗೆ, ನನ್ನ ತಮ್ಮನಿಗೂ ಹೀಗೇ ಶುರುವಾಗಿತ್ತು. ಮಂತ್ರ, ತಾಯಿತ ಅಂತ ನಾವು ವರ್ಷಗಟ್ಟಲೆ ಕಳೆದೆವು. ನೀವು ಕಳೆಯಬೇಡಿ. ಬೇಗ ತೋರಿಸಿದಷ್ಟೂ ಒಳ್ಳೆಯದು. ಇವತ್ತೇ ಡಾಕ್ಟರ ಹತ್ತಿರ ಹೋಗೋಣ, ನಾನೂ ಬರುತ್ತೇನೆ."

"ಅವಳಿಗೆ ನಿಮ್ಮದೇ ಭಯ."

"ನಿಮ್ಮ ಹೊಸ್ತಿಲಲ್ಲೇ ಕೂರುತ್ತೇನೆ. ನನ್ನ ಬಾಯಿ ಅವಳಿಗೆ ಕಾಣಲಿ."

ತನ್ನ ಮನೆಯ ಕೂಲರನ್ನೂ ಆರಿಸಿ ಬಂದು ಆಕೆ ಹೊಸ್ತಿಲಲ್ಲಿ ಕೂತಳು. ಕೀರ್ತಿ ಗೋಡೆಗೆ ಇನ್ನಷ್ಟು ಅಂಟಿಕೊಂಡಳು. ಯಾರೂ ಮಾತಾಡಲಿಲ್ಲ. ಸುಲಭಾತಾಯಿಯ ಹಣೆಯಿಂದ ಬೆವರು ಇಳಿದು ತುಟಿಯ ಮೇಲೆ ನಿಂತಿತು, ಆಕೆ ಒರೆಸಿಕೊಳ್ಳಲಿಲ್ಲ.

ಕೀರ್ತಿ ಆ ಬಾಯಿಯನ್ನೇ ಬಹಳ ಹೊತ್ತು ನೋಡಿದಳು.

"ಅವ್ವಾ," ಎಂದಳು, "ಈಗೂ ಮಾತು ಕೇಳಾಕತ್ತಾವ. ಆಕಿ ಬಾಯಿ ಮಾತ್ರ ಅಲ್ಗಾಡವಲ್ದು."

"ಹೌದವ್ವಾ," ಎಂದ ದಾಕ್ಷಾಯಿಣಿ ಮಗಳ ಚಪ್ಪಲಿ ತಂದು ಅವಳ ಕಾಲ ಬಳಿ ಇಟ್ಟಳು.